ಓಡಿಹೋದವನನ್ನು ಗಡಿ ದಾಟಿಸುವುದು ಹೇಗೆ: ಕತೆ, ಕಾದಂಬರಿ ಬರೆಯುವವರಿಗೆ

ಈ ದೃಶ್ಯ ನಮಗೆಲ್ಲ ಬಾಯಿಪಾಠ. ನಾಯಕ ಓಡುತ್ತಾನೆ, ಹಿಂದೆ ಪೊಲೀಸ್ ಜೀಪು. ಮುಳ್ಳು, ಹಳ್ಳ, ಬಂಡೆ ಎಲ್ಲ ಮುಗಿದ ಮೇಲೆ ರಸ್ತೆ ಪಕ್ಕ ಒಂದು ಬೋರ್ಡು: ಪಕ್ಕದ ರಾಜ್ಯಕ್ಕೆ ಸ್ವಾಗತ. ನಾಯಕ ಬೋರ್ಡಿನ ಆಚೆ ಹೋಗಿ ಬೀಳುತ್ತಾನೆ. ಜೀಪು ಕಿರ್ರನೆ ನಿಲ್ಲುತ್ತದೆ. ಇನ್‌ಸ್ಪೆಕ್ಟರು ಬಾನೆಟ್ ಗುದ್ದಿ "ಛೇ" ಅನ್ನುತ್ತಾರೆ.

ಯಾಕೆ ನಿಂತರು? ಬರೆದವರನ್ನು ಕೇಳಿದರೆ "ಗಡಿ ಬಂತಲ್ವಾ" ಅನ್ನುತ್ತಾರೆ. ಬಂದರೇನು? ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಕಾಲಿಟ್ಟ ಕೊಲೆಗಾರನ ಹಿಂದೆ ಹೋಗಲು ನಮ್ಮ ಪೊಲೀಸರಿಗೆ ಯಾವ ಅಡ್ಡಿಯೂ ಇಲ್ಲ. ಆ ಜೀಪಿಗೆ ಬ್ರೇಕ್ ಹಾಕಿದ್ದು ಕತೆಗಾರ. ಓದುಗನಿಗೆ ಇದು ಕಾನೂನಾಗಿ ಗೊತ್ತಿಲ್ಲದೆ ಇರಬಹುದು, ಆದರೆ ಎಲ್ಲೋ ಏನೋ ಸಲೀಸಾಯಿತು ಅಂತ ಅನ್ನಿಸಿಯೇ ಅನ್ನಿಸುತ್ತದೆ.

ಗಡಿ ದಾಟುವ ಅಧ್ಯಾಯ ಬರೆಯಲು ಕೂತವರಿಗೆ ಒಂದಷ್ಟು ಹಂತಗಳನ್ನು ಇಲ್ಲಿ ಹೇಳುತ್ತೇನೆ. ನಿಜವಾಗಿ ಓಡಿಹೋಗುವವರಿಗೆ ಇದರಿಂದ ಏನೂ ಉಪಯೋಗವಿಲ್ಲ. ಹಾಳೆಯ ಮೇಲೆ ಓಡಿಸುವವರಿಗೆ ಮಾತ್ರ.

1. ಹಿಂದೆ ಬರುವವನು ಯಾಕೆ ನಿಲ್ಲುತ್ತಾನೆ? ಮೊದಲು ಅದನ್ನು ಬರೆದಿಡಿ

ಓಡುವವನ ಬಗ್ಗೆ ಆಮೇಲೆ ಯೋಚಿಸಿದರೆ ಸಾಕು. ಒಂದು ಚೀಟಿ ತೆಗೆದುಕೊಂಡು ಈ ವಾಕ್ಯ ಪೂರ್ತಿ ಮಾಡಿ: "ಬೆನ್ನಟ್ಟಿದವನು ಇಲ್ಲಿ ನಿಲ್ಲುತ್ತಾನೆ, ಯಾಕೆಂದರೆ..." ಉತ್ತರ ಬರಲಿಲ್ಲ ಅಂದರೆ ನಿಮ್ಮ ಕತೆಯಲ್ಲಿ ಗಡಿಯೇ ಇಲ್ಲ, ಬರೀ ಬೋರ್ಡು ಇದೆ.

ಇವತ್ತಿನ ಭಾರತದೊಳಗಿನ ಕತೆಯಾದರೆ ಲೆಕ್ಕ ಹೀಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 45 ನೋಡಿ. ವಾರಂಟ್ ಇಲ್ಲದೆ ಹಿಡಿಯಬಹುದಾದವನನ್ನು ಪೊಲೀಸರು ದೇಶದ ಯಾವ ಜಾಗಕ್ಕಾದರೂ ಬೆನ್ನಟ್ಟಿಕೊಂಡು ಹೋಗಬಹುದು. ಹಳೆಯ ಸಿಆರ್‌ಪಿಸಿಯಲ್ಲೂ ಇದೇ ಇತ್ತು, ಅಲ್ಲಿ ಸೆಕ್ಷನ್ 48. ಅಂದರೆ ರಾಜ್ಯದ ಗಡಿ ಯಾರನ್ನೂ ಉಳಿಸುವುದಿಲ್ಲ. ನಿಧಾನ ಮಾತ್ರ ಮಾಡುತ್ತದೆ. ಅಲ್ಲಿನ ಠಾಣೆಗೆ ಹೇಳಬೇಕು. ಹಿಡಿದವನನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತಮ್ಮ ಊರಿಗೆ ಕರೆತರಲು ಟ್ರಾನ್ಸಿಟ್ ರಿಮಾಂಡ್ ಬೇಡಬೇಕು. ಕೋಲಾರದ ಸಬ್ ಇನ್‌ಸ್ಪೆಕ್ಟರೊಬ್ಬರು ಚಿತ್ತೂರಿನ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಆರೋಪಿಯ ಕಡೆಯ ವಕೀಲ ಒಳಗೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದಾನೆ. ಇವರಿಗೆ ಅರ್ಧ ಅರ್ಥವಾಗುತ್ತಿದೆ, ಗಡಿಯಾರ ಓಡುತ್ತಿದೆ. ನನ್ನ ಕೇಳಿದರೆ ಜೀಪಿನ ಬ್ರೇಕಿಗಿಂತ ಈ ಬೆಂಚಿನಲ್ಲಿ ಕತೆ ಜಾಸ್ತಿ ಇದೆ.

ದೇಶದ ಗಡಿಯಾದರೆ ಬೇರೆ ಮಾತು. ನೇಪಾಳದ ಜೊತೆ ನಮಗಿರುವುದು 1,751 ಕಿಲೋಮೀಟರ್ ತೆರೆದ ಗಡಿ. ವೀಸಾ ಬೇಡ. ರಕ್ಸೌಲ್‌ನಿಂದ ಬೀರ್‌ಗಂಜ್‌ಗೆ ಟಾಂಗಾದಲ್ಲೇ ಹೋಗಬಹುದು. ದಾಟುವುದು ಸುಲಭ, ಆದರೆ ಹಿಂದೆ ಬಂದ ಪೊಲೀಸಿನವನು ಅಲ್ಲಿ ಬರೀ ಪ್ರವಾಸಿ. ಬೇಲಿ ಇಲ್ಲದ ಗಡಿಯೇ ಬೆನ್ನಟ್ಟುವವನಿಗೆ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಇಂಥ ತಿರುಗುಮುರುಗನ್ನು ಕತೆಗಾರ ಬಿಡಬಾರದು.

ಇನ್ನೊಂದು ವಿಷಯ. ಇವತ್ತು ನಿಂತವನು ನಾಳೆಯೂ ನಿಲ್ಲುತ್ತಾನೆ ಅಂತ ಇಲ್ಲ. ನಮ್ಮ ಚನ್ನಗಿರಿಯ ಧೋಂಡಿಯ ವಾಘ್ ನೆನಪಿದೆಯಾ? 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ. ಬಿದನೂರು, ಶಿಕಾರಿಪುರದ ಕಡೆ ದಂಡು ಕಟ್ಟಿದ. ಇಂಗ್ಲಿಷರು ಅಟ್ಟಿಸಿಕೊಂಡು ಬಂದಾಗ ಮರಾಠರ ಸೀಮೆಗೆ ನುಗ್ಗಿದ. ಅದು ಪೇಶ್ವೆಯ ನೆಲ, ಇಂಗ್ಲಿಷರು ಗಡಿಯಲ್ಲೇ ನಿಂತರು. ಬಚಾವಾದ ಅಂದುಕೊಳ್ಳುವಷ್ಟರಲ್ಲಿ ಆಚೆ ಕಡೆಯಿದ್ದ ಮರಾಠಾ ಸರದಾರ ಗೋಖಲೆ ಇವನ ಮೇಲೆ ಬಿದ್ದು ಬಿಡಾರವನ್ನೇ ಲೂಟಿ ಮಾಡಿದ. ಮರುವರ್ಷ ಧೋಂಡಿಯ ಮತ್ತೆ ಎದ್ದ, ಅದೇ ಗೋಖಲೆಯನ್ನು ಕೊಂದ. ಆದರೆ ಅಷ್ಟರಲ್ಲಿ ಇಂಗ್ಲಿಷರು ಪೇಶ್ವೆಯಿಂದ ಒಪ್ಪಿಗೆ ಪಡೆದಿದ್ದರು. ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆ ದಾಟಿ ಬಂದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ.

ಇದರಲ್ಲಿ ಎರಡು ಕತೆಗಳಿವೆ. ಗಡಿಯ ಆಚೆ ನಿಮ್ಮವನಿಗಾಗಿ ಬೇರೊಬ್ಬ ಕಾದಿರಬಹುದು. ಮತ್ತೆ, ಒಂದು ಕಾಗದದಿಂದ ಗಡಿಯೇ ಅಳಿಸಿಹೋಗಬಹುದು. ಅಮೆರಿಕದಲ್ಲಿ 1850ರಲ್ಲಿ ಆದದ್ದು ಇಂಥದ್ದೇ. ಅಲ್ಲಿಯವರೆಗೆ ದಕ್ಷಿಣದಿಂದ ಓಡಿಬಂದ ಗುಲಾಮರು ಓಹಾಯೊ ನದಿ ದಾಟಿದರೆ ಒಂದಿಷ್ಟಾದರೂ ಉಸಿರಾಡಬಹುದಿತ್ತು. ಆ ವರ್ಷದ ಕಾಯ್ದೆ ಉತ್ತರದ ರಾಜ್ಯಗಳಲ್ಲೂ ಅವರನ್ನು ಹಿಡಿದುಕೊಡುವುದನ್ನು ಕಡ್ಡಾಯ ಮಾಡಿತು. ಸುರಕ್ಷಿತ ಗೆರೆ ನೂರಾರು ಮೈಲಿ ಸರಿದು ಕೆನಡಾಕ್ಕೆ ಹೋಯಿತು. ಗುಲಾಮರನ್ನು ಗುಟ್ಟಾಗಿ ದಾಟಿಸುತ್ತಿದ್ದ ಹ್ಯಾರಿಯೆಟ್ ಟಬ್‌ಮನ್ ಆಮೇಲೆ ಜನರನ್ನು ಕೆನಡಾದ ಸೇಂಟ್ ಕ್ಯಾಥರೀನ್ಸ್‌ವರೆಗೂ ಕರೆದುಕೊಂಡು ಹೋಗಬೇಕಾಯಿತು. ನದಿ ಇದ್ದಲ್ಲೇ ಇತ್ತು.

2. ಗಡಿ ಆರಿಸುವಾಗ ಮನೆಯ ಹಿತ್ತಲನ್ನೂ ನೋಡಿ

ಗಡಿ ಅಂದ ಕೂಡಲೇ ಬರ್ಲಿನ್ ಗೋಡೆಯೋ ವಾಘಾ ಗೇಟೋ ಕಣ್ಣ ಮುಂದೆ ಬರುತ್ತದೆ. ಬರಲಿ, ತಪ್ಪೇನಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರಿಗೆ ಇಂಥ ಗಡಿಗಳ ಒಂದು ಉಗ್ರಾಣವೇ ಇದೆ. 1947ಕ್ಕೆ ಮೊದಲು ಕನ್ನಡ ನಾಡು ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದ್, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿತ್ತು. ನಡುನಡುವೆ ಸಂಡೂರು, ಸವಣೂರು, ಜಮಖಂಡಿ, ಮುಧೋಳದಂಥ ಸಣ್ಣ ಸಂಸ್ಥಾನಗಳು. ಒಂದೇ ದಿನದ ನಡಿಗೆಯಲ್ಲಿ ಒಬ್ಬ ಮನುಷ್ಯ ಎರಡು ಸರ್ಕಾರ ಬದಲಾಯಿಸಬಹುದಿತ್ತು.

ಅದರಲ್ಲೂ ನಿಜಾಮರ ಗಡಿ. 1947ರ ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು, ಹೈದರಾಬಾದ್ ಸೇರಲಿಲ್ಲ. ಮುಂದಿನ ಹದಿಮೂರು ತಿಂಗಳು ಬೀದರ, ಕಲಬುರಗಿ, ರಾಯಚೂರು, ಕೊಪ್ಪಳದ ಜನ ಬೇರೆಯೇ ದೇಶದಲ್ಲಿದ್ದಂತೆ ಬದುಕಿದರು. ರಜಾಕಾರರ ಹಾವಳಿಗೆ ಹೆದರಿ ಊರೂರೇ ಗುಳೆ ಎದ್ದವು. ಹೋರಾಟಕ್ಕೆ ಇಳಿದವರ ಮೇಲೆ ಪೊಲೀಸರ ಕಣ್ಣು. ಅವರೆಲ್ಲ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳನ್ನು ಸೇರಿಕೊಂಡರು. ಅಲ್ಲಿಂದ ರಾತ್ರಿ ಮತ್ತೆ ಒಳಗೆ ನುಗ್ಗಿ ನಾಕಾಗಳ, ಅಂದರೆ ಗಡಿಯ ತಪಾಸಣೆ ಠಾಣೆಗಳ ಮೇಲೆ ದಾಳಿ ಮಾಡುತ್ತಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮ ಶರಣಾದ.

ಹಂಪಿಗೆ ಹೋದವರು ತಳವಾರಘಟ್ಟದ ಹತ್ತಿರ ಹೊಳೆ ದಾಟಿ ಆನೆಗೊಂದಿ ನೋಡಿ ಬಂದಿರುತ್ತೀರಿ. ಆಗ ಆನೆಗೊಂದಿ ನಿಜಾಮರದ್ದು, ಹಂಪಿ ಮದ್ರಾಸ್ ಪ್ರಾಂತದ್ದು. ನಾವು ಫೋಟೋ ತೆಗೆಸಿಕೊಳ್ಳುವ ಆ ಹೊಳೆಯೇ ಗಡಿ. ಕೆಳಗೆ ಉದಾಹರಣೆಗೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಪಶ್ಚಿಮಕ್ಕೆ ಹೋದರೆ ಗೋವಾ. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರದ್ದು. ಉತ್ತರ ಕನ್ನಡದ ಕ್ಯಾಸಲ್‌ರಾಕ್ ನಮ್ಮ ಕಡೆಯ ಕೊನೆಯ ಸ್ಟೇಷನ್, ಘಟ್ಟ ಇಳಿದರೆ ಆಚೆ ಕುಳೆಂ. 1955ರಲ್ಲಿ ಆ ರೈಲೂ ನಿಂತಿತು. ರೈಲು ನಿಂತ ಹಳಿ, ಮಳೆಗಾಲದ ಘಟ್ಟ, ಎರಡೂ ಕಡೆ ಕಾವಲು. ಇಷ್ಟಕ್ಕೇ ಒಂದು ಕಾದಂಬರಿ ಆಗುತ್ತದೆ, ಯಾರಾದರೂ ಬರೆಯಬೇಕು ಅಷ್ಟೇ.

ನಗಿಸುವ ಕತೆ ಬೇಕಾದರೆ ಕೂಚ್‌ಬಿಹಾರದ ಕಡೆ ಹೋಗಿ. 2015ರ ಜುಲೈ 31ರ ಮಧ್ಯರಾತ್ರಿಯವರೆಗೂ ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳಿದ್ದವು, ಭಾರತದೊಳಗೆ ಅವರ 51. ಪೊಲೀಸಿನವನು ತನ್ನದೇ ದೇಶದ ಹಳ್ಳಿಗೆ ಹೋಗಲು ಪರದೇಶ ದಾಟಬೇಕಿತ್ತು. ಅಂಥ ಹಳ್ಳಿಯಲ್ಲಿ ಅಡಗಿದ ಕಳ್ಳನ ಪಾಡನ್ನು ನೀವೇ ಊಹಿಸಿ.

ಇವತ್ತಿನ ದೊಡ್ಡ ಮೊತ್ತದ ಪರಾರಿಯಾದರೆ ಮುಳ್ಳುತಂತಿ ಮರೆತುಬಿಡಿ. ಅಲ್ಲಿ ಗಡಿ ಅಂದರೆ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರು, ಅದರ ಹಿಂದಿನ ಕಂಪ್ಯೂಟರು, ಅದರೊಳಗೆ ಲುಕ್‌ಔಟ್ ಸರ್ಕ್ಯುಲರ್ ಇದೆಯೋ ಇಲ್ಲವೋ ಅನ್ನುವುದು. ಸರ್ಕ್ಯುಲರ್ ಇದ್ದರೂ "ತಡೆಯಿರಿ" ಅಂತ ಇದೆಯೋ, ಬರೀ "ತಿಳಿಸಿ" ಅಂತ ಇದೆಯೋ? ಈ ಎರಡರ ನಡುವೆ ನಿಮ್ಮ ಖಳನಾಯಕ ಬಿಸಿನೆಸ್ ಕ್ಲಾಸಿನಲ್ಲಿ ಹಾರಿಹೋಗುತ್ತಾನೆ. ಆಮೇಲೆ ಇಂಟರ್‌ಪೋಲ್ ರೆಡ್ ನೋಟಿಸ್ ಬಂತು ಅಂತ ಅವನಿಗೆ ಅಲ್ಲೇ ಕೋಳ ತೊಡಿಸಬೇಡಿ. ಅದು ಬಂಧನದ ವಾರಂಟ್ ಅಲ್ಲ, ಹುಡುಕಿಕೊಡಿ ಅನ್ನುವ ಕೋರಿಕೆ. ಏನು ಮಾಡಬೇಕು ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

3. ನಕ್ಷೆ ಬರೆಯಿರಿ, ಪಂಚಾಂಗ ನೋಡಿ

ಕಲೆಯ ಮಾತು ಆಮೇಲೆ. ಈ ಹಂತ ಶುದ್ಧ ಗುಮಾಸ್ತೆ ಕೆಲಸ. ಒಂದು ಹಾಳೆಯ ಮೇಲೆ ಊರು, ದಾರಿ, ಹೊಳೆ, ನಾಕಾ ಗುರುತು ಹಾಕಿ. ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಬರೆಯಿರಿ. ಹಗಲು ಬಯಲಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುವ ಮನುಷ್ಯ, ಕತ್ತಲಲ್ಲಿ ಬಂಡೆಗಳ ನಡುವೆ ಅದರ ಅರ್ಧವೂ ನಡೆಯಲಾರ. ಮಗು ಜೊತೆಗಿದ್ದರೆ ಇನ್ನೂ ಕಡಿಮೆ. ಒಂದೇ ರಾತ್ರಿಯಲ್ಲಿ ನಾಯಕನನ್ನು ಐವತ್ತು ಕಿಲೋಮೀಟರ್ ಓಡಿಸಿ, ಬೆಳಗ್ಗೆ ಭಾಷಣ ಬೇರೆ ಮಾಡಿಸುವ ಕತೆಗಳನ್ನು ನಾನು ಓದಿದ್ದೇನೆ.

ತಿಥಿ ಯಾವುದು? ಅಮಾವಾಸ್ಯೆಯಾದರೆ ಕಾವಲಿನವನಿಗೆ ಇವನು ಕಾಣುವುದಿಲ್ಲ, ಇವನಿಗೆ ದಾರಿಯೂ ಕಾಣುವುದಿಲ್ಲ. ಹುಣ್ಣಿಮೆಯಾದರೆ ಎರಡೂ ತಿರುಗುಮುರುಗು. ಅಷ್ಟಮಿಯ ಸುಮಾರಿಗೆ ಶುಕ್ಲ ಪಕ್ಷದಲ್ಲಿ ನಡುರಾತ್ರಿಗೆ ಚಂದ್ರ ಮುಳುಗುತ್ತಾನೆ. ಮೊದಲರ್ಧ ಬೆಳಕಲ್ಲಿ ನಡೆದು, ಕತ್ತಲಾದ ಮೇಲೆ ದಾಟುವುದು. ನಾನಾದರೆ ಅದನ್ನೇ ಆರಿಸುತ್ತೇನೆ.

ನೀರಿನ ವಿಷಯ ಇನ್ನೂ ಮುಖ್ಯ. ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿತ್ತು, ನೀರು ನಿಂತದ್ದು 1953ರಲ್ಲಿ. ಅಂದರೆ 1948ರಲ್ಲಿ ಹೊಳೆಗೆ ಮೂಗುದಾರ ಇರಲಿಲ್ಲ. ಮೇ ತಿಂಗಳಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದ ಕಡೆ, ಆಗಸ್ಟಿನಲ್ಲಿ ಕೆಂಪು ನೀರು ದಡದಿಂದ ದಡಕ್ಕೆ. ಇದರಿಂದ ನಿಮ್ಮ ಕತೆಯ ಕಾವಲೂ ಬದಲಾಗುತ್ತದೆ. ಬೇಸಿಗೆಯಲ್ಲಿ ನಾಕಾದವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಮಳೆಗಾಲದಲ್ಲಿ ಅವನ ಕೆಲಸ ಹೊಳೆಯೇ ಮಾಡುತ್ತದೆ, ಅವನು ಕಂಬಳಿ ಹೊದ್ದು ಮಲಗುತ್ತಾನೆ. ತಿಂಗಳು ಬದಲಾಯಿಸಿದರೆ ಬೇರೆಯೇ ಕತೆ.

4. ಮೈ, ಮಾತು, ಜೇಬು: ಮೂರನ್ನೂ ತಪಾಸಣೆ ಮಾಡಿ

ನಿಮ್ಮ ಪಾತ್ರವನ್ನು ನಾಕಾದ ಸಿಪಾಯಿ ಹೇಗೆ ನೋಡುತ್ತಾನೋ ಹಾಗೆ ನೀವೇ ಒಮ್ಮೆ ನೋಡಿ.

ಮೈಯಿಂದ ಶುರು ಮಾಡೋಣ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ನಾಜಿಗಳಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನಿಂದ ಪಿರೆನೀಸ್ ಬೆಟ್ಟ ಹತ್ತಿ ಸ್ಪೇನಿಗೆ ಹೊರಟ. ಹೃದಯದ ಕಾಯಿಲೆ. ಹತ್ತು ನಿಮಿಷ ನಡೆಯುವುದು, ಒಂದು ನಿಮಿಷ ನಿಲ್ಲುವುದು, ಕೈಗಡಿಯಾರ ನೋಡಿಕೊಂಡು. ಸುಸ್ತಾದ ಮೇಲೆ ನಿಂತರೆ ಮತ್ತೆ ಏಳಲಾರೆ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಸುಸ್ತಾಗುವ ಮೊದಲೇ ನಿಲ್ಲುತ್ತಿದ್ದ. ಕೈಯಲ್ಲಿ ಭಾರದ ಕಪ್ಪು ಬ್ರೀಫ್‌ಕೇಸು, ಒಳಗೆ ಹಸ್ತಪ್ರತಿ. ಅದನ್ನು ಬಿಡಲು ಒಪ್ಪಲಿಲ್ಲ. "ಅವನು ತುಂಬಾ ದಣಿದಿದ್ದ" ಅಂತ ನೀವು ಹತ್ತು ಸಲ ಬರೆದರೂ ಈ ಗಡಿಯಾರದ ಮುಂದೆ ನಿಲ್ಲುವುದಿಲ್ಲ.

ಅವನ ಹತ್ತಿರ ಅಮೆರಿಕದ ವೀಸಾ ಇತ್ತು, ಸ್ಪೇನಿನ ಟ್ರಾನ್ಸಿಟ್ ವೀಸಾ ಇತ್ತು. ಫ್ರಾನ್ಸ್ ಬಿಟ್ಟು ಹೊರಡಲು ಬೇಕಾದ ಪರವಾನಗಿ ಮಾತ್ರ ಇರಲಿಲ್ಲ. ಸ್ಪೇನಿನ ಗಡಿಯ ಪೋರ್ಟ್‌ಬೌ ಊರಿಗೆ ಇಳಿದಾಗ, ಆ ಕಾಗದ ಇಲ್ಲದವರನ್ನು ವಾಪಸ್ ಕಳಿಸುತ್ತೇವೆ ಅಂದರು. ಆ ರಾತ್ರಿ ಅಲ್ಲೇ ಅವನು ಪ್ರಾಣ ಕಳೆದುಕೊಂಡ. ಜೊತೆಗಿದ್ದವರನ್ನು ಆಮೇಲೆ ಬಿಟ್ಟರು. ಬೆಟ್ಟ ಹತ್ತಿ ಇಳಿದ ಮೇಲೂ ಅವನು ಗಡಿಯ ಈಚೆಯೇ ಇದ್ದ. ಹಾಗಾಗಿ ಬೇಕಾದ ಕಾಗದಗಳ ಪಟ್ಟಿ ಮಾಡಿ, ಅದರಲ್ಲಿ ಒಂದನ್ನು ಕಿತ್ತುಕೊಳ್ಳಿ.

ಮಾತಿಗೆ ಸುಭಾಷ್‌ಚಂದ್ರ ಬೋಸರಿಗಿಂತ ಒಳ್ಳೆಯ ಪಾಠ ಇಲ್ಲ. 1941ರ ಜನವರಿಯಲ್ಲಿ ಕಲ್ಕತ್ತದ ಮನೆಯಿಂದ ರಾತ್ರೋರಾತ್ರಿ ಹೊರಟರು. ಕಾರು ಓಡಿಸಿದ್ದು ಅಣ್ಣನ ಮಗ ಶಿಶಿರ್. ವೇಷ, ವಿಮಾ ಕಂಪನಿಯ ಮುಹಮ್ಮದ್ ಜಿಯಾವುದ್ದೀನ್. ಗೋಮೋ ಸ್ಟೇಷನ್ನಿನಲ್ಲಿ ರೈಲು ಹತ್ತಿ ಪೇಶಾವರ ಸೇರಿದರು. ಅಲ್ಲಿಂದ ಮುಂದೆ ಪಠಾಣರ ನಾಡು, ಇವರಿಗೆ ಪಶ್ತೊ ಬಾರದು. ಏನು ಮಾಡಿದರು? ಕಿವುಡ, ಮೂಗನಾದರು. ಹರಕೆ ಹೊತ್ತು ದರ್ಗಾಕ್ಕೆ ಹೊರಟ ಯಾತ್ರಿಕ. ಮಾತೆಲ್ಲ ಜೊತೆಗಾರನದ್ದು. ದೇಶಕ್ಕೆಲ್ಲ ಗೊತ್ತಿದ್ದ ಭಾಷಣಕಾರ ಬಾಯಿ ಮುಚ್ಚಿಕೊಂಡು ಗಡಿ ದಾಟಬೇಕಾಯಿತು ನೋಡಿ. ಪಾತ್ರದ ಅತಿ ದೊಡ್ಡ ಶಕ್ತಿ ಯಾವುದೋ ಅದನ್ನು ಗಡಿಯಲ್ಲಿ ಕಟ್ಟಿಹಾಕಿದರೆ ದೃಶ್ಯ ತಾನೇ ಬಿಗಿಯಾಗುತ್ತದೆ.

ಇನ್ನು ಜೇಬು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಈ ಕಡೆಯದು ಕಲ್ದಾರ್. ಏಳು ಹಾಲಿಗೆ ಸುಮಾರು ಆರು ಕಲ್ದಾರ್. ನಾಕಾದಲ್ಲಿ ಕೂರುತ್ತಿದ್ದದ್ದು ಕರೋಡ್‌ಗಿರಿಯವರು, ಅಂದರೆ ನಿಜಾಮರ ಸುಂಕದ ಇಲಾಖೆ. ಆಚೆಯಿಂದ ಬಂದವನು ಹೋಟೆಲಲ್ಲಿ ಚಹಾ ಕುಡಿದು ಜೇಬಿಗೆ ಕೈ ಹಾಕಿದರೆ ಸಾಕು, ಎಲ್ಲಿಯವನು ಅಂತ ಗೊತ್ತಾಗಿಬಿಡುತ್ತದೆ. ಚಿನ್ನದ ನಾಣ್ಯವೋ ಪ್ರೇಯಸಿಯ ಫೋಟೋವೋ ಬೇಕಾಗಿಲ್ಲ, ಚಿಲ್ಲರೆ ಕಾಸು ಸಾಕು. ಇವತ್ತಿನ ಕತೆಯಾದರೆ ಆ ಜಾಗದಲ್ಲಿ ಮೊಬೈಲು ಬರುತ್ತದೆ, ಅದರ ಸಿಮ್ಮು, ಯುಪಿಐ ಸಂದೇಶ.

5. ದಾಟಿಸುವವನಿಗೆ ಸ್ವಂತ ಲೆಕ್ಕ ಇರಲಿ

ನಮ್ಮ ಕತೆಗಳಲ್ಲಿ ಅಂಬಿಗನಿಗೆ ಎರಡೇ ವೇಷ. ಒಂದು, ದುಡ್ಡು ಮುಟ್ಟದ ಸಂತ. ಇನ್ನೊಂದು, ನಡುಹೊಳೆಯಲ್ಲಿ ಚೂರಿ ತೆಗೆಯುವ ಕೇಡಿ. ಗಡಿ ಊರಿನ ಜನ ಇಬ್ಬರೂ ಅಲ್ಲ. ಅವರ ಮಗಳನ್ನು ಆಚೆ ದಡಕ್ಕೆ ಕೊಟ್ಟಿರುತ್ತಾರೆ, ಸಂತೆಗೆ ಈಚೆ ಬರುತ್ತಾರೆ. ಸರ್ಕಾರದ ಗೆರೆ ಅವರಿಗೆ ದಿನನಿತ್ಯದ ತಲೆನೋವು, ಒಮ್ಮೊಮ್ಮೆ ಸಂಪಾದನೆ. ನಾಕಾದ ಸಿಪಾಯಿ ಅವರಿಗೆ ಪರಿಚಯದವನು. ಇವತ್ತು ನಿಮ್ಮ ನಾಯಕನನ್ನು ದಾಟಿಸಿದ ಮೇಲೆ ನಾಳೆ ಅದೇ ಸಿಪಾಯಿಯ ಮುಖ ನೋಡಬೇಕಾದವರು ಅವರು. ಆ ನಾಳೆಯನ್ನು ಒಂದು ಸಾಲಿನಲ್ಲಾದರೂ ತನ್ನಿ.

ಬೋಸರನ್ನು ಕಾಬೂಲಿಗೆ ಮುಟ್ಟಿಸಿದ ಭಗತ್ ರಾಮ್ ತಲ್ವಾರ್ ಮುಂದೆ ಯುದ್ಧ ಮುಗಿಯುವುದರೊಳಗೆ ಇಟಲಿ, ಜರ್ಮನಿ, ಜಪಾನ್, ರಷ್ಯಾ, ಬ್ರಿಟನ್, ಇಷ್ಟೂ ಕಡೆಗೆ ಬೇಹುಗಾರನಾಗಿ ಕೆಲಸ ಮಾಡಿದ. ಹಾಗಂತ ಬೋಸರನ್ನು ದಾಟಿಸುವಾಗ ಮೋಸ ಮಾಡಲಿಲ್ಲ. ಎರಡೂ ಒಬ್ಬನೇ ಮನುಷ್ಯನಲ್ಲಿ ಇತ್ತು. ಇಂಥ ಸಹಾಯಕನನ್ನು ಕಲ್ಪಿಸಿ ಬರೆದಿದ್ದರೆ ಯಾರಾದರೂ "ಇದು ಜಾಸ್ತಿ ಆಯ್ತು" ಅನ್ನುತ್ತಿದ್ದರು.

6. ಗೆರೆ ದಾಟುವ ಗಳಿಗೆಯನ್ನು ಸಣ್ಣದಾಗಿ ಬರೆಯಿರಿ

1979ರಲ್ಲಿ ಪೂರ್ವ ಜರ್ಮನಿಯ ಎರಡು ಕುಟುಂಬಗಳು ಮನೆಯಲ್ಲೇ ಬಟ್ಟೆ ಹೊಲಿದು ಬಿಸಿಗಾಳಿಯ ಬಲೂನು ಮಾಡಿದವು. ಜುಲೈನಲ್ಲಿ ಸ್ಟ್ರೆಲ್ಜಿಕ್ ಕುಟುಂಬ ಹಾರಿದಾಗ ಬಲೂನು ಗಡಿಗೆ ಸುಮಾರು 180 ಮೀಟರ್ ಈಚೆಗೇ ಇಳಿಯಿತು. ಯಾರ ಕಣ್ಣಿಗೂ ಬೀಳದಂತೆ ಅವರು ಮನೆಗೆ ವಾಪಸ್ ಬಂದರು, ಹೊಸ ಬಲೂನು ಹೊಲಿಯಲು ಕೂತರು. ಸೆಪ್ಟೆಂಬರ್ 16ರ ನಸುಕಿನಲ್ಲಿ ವೆಟ್ಜೆಲ್ ಕುಟುಂಬವೂ ಸೇರಿ ಎಂಟು ಜನ, ಅದರಲ್ಲಿ ನಾಲ್ವರು ಮಕ್ಕಳು, ಮತ್ತೆ ಹಾರಿದರು. ಅರ್ಧ ಗಂಟೆಯೊಳಗೆ ಗ್ಯಾಸ್ ಮುಗಿದು ಕತ್ತಲಲ್ಲಿ ಎಲ್ಲೋ ಇಳಿದರು. ಯಾವ ಕಡೆ ಇಳಿದಿದ್ದೇವೆ ಅಂತಲೇ ಗೊತ್ತಿಲ್ಲ. ಇಬ್ಬರು ಗಂಡಸರು ನಡೆದು ಹೋಗಿ ಒಂದು ಕೊಟ್ಟಿಗೆಯ ಬಳಿ ಬೇಸಾಯದ ಯಂತ್ರ ನೋಡಿದರು. ನಮ್ಮ ಕಡೆಯದಲ್ಲ ಅನ್ನಿಸಿತು. ಆಮೇಲೆ ಬಂದ ಪೊಲೀಸರನ್ನು ಕೇಳಿದರು: ಇದು ಪಶ್ಚಿಮವಾ?

ದಾಟಿದ್ದು ಗಾಳಿಯಲ್ಲಿ, ಅವರಿಗೇ ತಿಳಿಯದ ಹೊತ್ತಿನಲ್ಲಿ. ತಿಳಿದದ್ದು ಒಂದು ಯಂತ್ರ ನೋಡಿ. ಈ ಅಂತರವನ್ನು ಹಿಡಿದುಕೊಳ್ಳಿ, ಉಳಿದದ್ದು ಸುಲಭ.

ಈಗ ಆನೆಗೊಂದಿಗೆ ಬರೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಗೋ, ಆಚೆ ದಡ! ಅಲ್ಲಿ ಸ್ವಾತಂತ್ರ್ಯ ಅವನಿಗಾಗಿ ಕೈಚಾಚಿ ಕಾದಿತ್ತು. ಹಿಂದಿನಿಂದ ಗುಂಡಿನ ಸದ್ದು. ಕೊನೆಯ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಅವನು ತಾಯ್ನೆಲದ ಮಣ್ಣಿಗೆ ಹಣೆ ಹಚ್ಚಿದ."

ಇದರಲ್ಲಿ ಹೊಳೆ ಇಲ್ಲ, ಮನುಷ್ಯನೂ ಇಲ್ಲ. ಅದೇ ಜಾಗವನ್ನು ಮತ್ತೆ ಬರೆದರೆ:

"ಅಂಬಿಗ ಹರಿಗೋಲನ್ನು ನೀರಿಗೆ ಹಾಕಲಿಲ್ಲ. ತಲೆಯ ಮೇಲೆ ಬೋರಲು ಹೊತ್ತುಕೊಂಡು ಬಂಡೆಗಳ ನಡುವೆ ಮೇಲಕ್ಕೆ, ಹೊಳೆ ಬರುವ ದಿಕ್ಕಿಗೆ ನಡೆದ.

'ಘಟ್ಟ ಕೆಳಗೈತಲ್ಲೋ. ಎಲ್ಲಿಗೆ ಹೊಂಟಿ?'

'ಹೊಳಿ ಎಳೀತೈತ್ರಿ ಮಾಸ್ತರ್ರ. ಇಲ್ಲಿಂದ ಬಿಟ್ರ ಅಲ್ಲಿಗೆ ಹೋಗಿ ಮುಟ್ಟೂದು.'

ಮಾಸ್ತರು ಸುಮ್ಮನಾದರು. ಹರಿಗೋಲು ಎರಡು ಸುತ್ತು ತಿರುಗಿ ನೆಟ್ಟಗಾಯಿತು. 'ನಡುವ ಕುಂದರ್ರಿ. ವಾಲಬ್ಯಾಡ್ರಿ.' ತಳದಿಂದ ನೀರು ಜಿನುಗಿ ಧೋತರ ಒದ್ದೆಯಾಯಿತು. ಚರ್ಮದ ವಾಸನೆ. ನಾಕಾದ ಕಂದೀಲು ಬಲಗಡೆಯಿದ್ದದ್ದು ಹಿಂದೆ ಹೋಯಿತು, ಮತ್ತೆ ಎಡಕ್ಕೆ ಬಂತು. ಯಾವುದು ಆ ದಡ, ಯಾವುದು ಈ ದಡ ಅಂತ ಮಾಸ್ತರಿಗೆ ಲೆಕ್ಕ ತಪ್ಪಿತು.

ಕಲ್ಲಿಗೆ ತಾಗಿ ನಿಂತಾಗ ಇಳಿದು ಒಂದು ರೂಪಾಯಿ ಕೊಟ್ಟರು. ಅಂಬಿಗ ಬೆರಳಲ್ಲಿ ಉಜ್ಜಿ ನೋಡಿದ.

'ಹಾಲಿ ಐತಲ್ರಿ. ಈ ಕಡೆ ಯಾವ ಅಂಗಡ್ಯಾಂವ ತಗೋತಾನ ಇದನ್ನ?'

'ನನ್ನ ಹತ್ರ ಇರೂದು ಅದ ಅಪ್ಪಾ.'

'ಇರ್ಲಿ ಕೊಡ್ರಿ. ನಾ ಏನು ವಾಪಸ್ ಆ ಕಡೀಗೇ ಹೋಗಾಂವ.'"

ಇಲ್ಲಿ ನಾನು ಮಾಡಿದ್ದು ಇಷ್ಟೇ. ಹೊಳೆ ದಾಟುವ ಕಸುಬಿನ ಒಂದು ನಿಜವಾದ ಸಂಗತಿ ಹಾಕಿದೆ: ಸೆಳವಿಗೆ ಲೆಕ್ಕ ಹಾಕಿ ಮೇಲಿನಿಂದ ಬಿಡಬೇಕು. ಗುಂಡು ತೆಗೆದೆ, ಕಂದೀಲು ಇಟ್ಟೆ. ದಾಟಿದ ಸುದ್ದಿಯನ್ನು ನಾಣ್ಯದ ಬಾಯಲ್ಲಿ ಹೇಳಿಸಿದೆ. "ಸ್ವಾತಂತ್ರ್ಯ" ಅನ್ನುವ ಮಾತನ್ನು ಮಾಸ್ತರೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡುಮಾತು ಗೊತ್ತಿಲ್ಲದವರು ಸುಮ್ನೆ ಉತ್ತರ ಕರ್ನಾಟಕದ ಧಾಟಿ ಹಾಕಬೇಡಿ. ಆ ಕಡೆಯವರಿಗೆ ಓದಿಸಿ ತಿದ್ದಿಸಿಕೊಳ್ಳಿ. ಧಾರವಾಡದ ಮಾತು ಬೇರೆ, ಗಂಗಾವತಿಯದು ಬೇರೆ.

7. ಆಚೆ ದಡದಲ್ಲಿ ಇನ್ನೊಂದು ಅಧ್ಯಾಯ ಬರೆಯಿರಿ

ಹೆಚ್ಚಿನವರು ದಾಟಿಸಿ ಪೆನ್ನು ಕೆಳಗಿಡುತ್ತಾರೆ. ನನಗೆ ಕತೆ ಶುರುವಾಗುವುದೇ ಇಲ್ಲಿ.

ದಾಟಿದವನ ಸಂಪಾದನೆ ಏನು? ತಮಿಳು ಕವಿ ಸುಬ್ರಹ್ಮಣ್ಯ ಭಾರತಿ 1908ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಫ್ರೆಂಚರ ಪಾಂಡಿಚೇರಿಗೆ ಹೋದರು. ಹಿಡಿಯಲು ಆಗಲಿಲ್ಲ. ಬದಲಿಗೆ ಅವರ ಪತ್ರಿಕೆ ಬ್ರಿಟಿಷ್ ಇಂಡಿಯಾದೊಳಗೆ ಬಾರದಂತೆ ತಡೆದರು, ಬೀದಿಯಲ್ಲಿ ಗೂಢಚಾರರನ್ನು ಇಟ್ಟರು. ಹತ್ತು ವರ್ಷ ಹಾಗೇ ಕಳೆಯಿತು. 1918ರ ನವೆಂಬರಿನಲ್ಲಿ ಅವರೇ ಹೊರಟು ಬಂದರು. ಬ್ರಿಟಿಷ್ ನೆಲಕ್ಕೆ ಕಾಲಿಟ್ಟ ಕೂಡಲೇ, ಕಡಲೂರಿನ ಹತ್ತಿರ, ಬಂಧನ. ಕೆಲವೇ ವಾರಗಳಲ್ಲಿ ಬಿಡುಗಡೆಯೂ ಆಯಿತು. ಅಟ್ಟಿಸಿಕೊಂಡು ಹೋಗುವ ಕತೆಗಳಲ್ಲಿ ಇಂಥ ಸುಸ್ತಿಗೆ ಜಾಗವೇ ಇರುವುದಿಲ್ಲ. ನೀವು ಮಾಡಿಕೊಡಿ.

ಹಿಂದೆ ಉಳಿದವರು ಏನಾದರು? ಬಲೂನು ಹಾರಿದ ಸುದ್ದಿ ಬಂದ ದಿನವೇ ಪೂರ್ವ ಜರ್ಮನಿಯಲ್ಲಿದ್ದ ಸ್ಟ್ರೆಲ್ಜಿಕ್ ಅವರ ಸೋದರನನ್ನು ಹಿಡಿದರು. ಬೋಸರ ಅಣ್ಣ ಶರತ್ ಆ ವರ್ಷ ಮುಗಿಯುವುದರೊಳಗೆ ಜೈಲಿನಲ್ಲಿದ್ದರು. ಧೋಂಡಿಯ ಸತ್ತಾಗ ಅವನ ಸಾಕುಮಗ, ಇನ್ನೂ ಸಣ್ಣ ಹುಡುಗ, ಸಾಮಾನು ಸರಂಜಾಮಿನ ನಡುವೆ ಸಿಕ್ಕಿದ. ಅವನ ಖರ್ಚಿಗೆ ಹಣ ಇಟ್ಟು ಸಾಕಿದ್ದು ಯಾರು ಗೊತ್ತೇ? ಅಪ್ಪನನ್ನು ಅಟ್ಟಾಡಿಸಿ ಕೊಂದ ಅದೇ ವೆಲ್ಲೆಸ್ಲಿ. ಆ ಹುಡುಗನ ಕಣ್ಣಿಂದ ಯಾರಾದರೂ ಈ ಕತೆಯನ್ನು ಬರೆದರೆ ನಾನು ಮೊದಲು ಓದುತ್ತೇನೆ.

ದಿಕ್ಕು ಬದಲಾಯಿಸಿಯೂ ನೋಡಬಹುದು. ನಮ್ಮಲ್ಲಿ ರೌಡಿಗಳನ್ನು ಪೊಲೀಸ್ ಕಾಯ್ದೆಯಡಿ ಜಿಲ್ಲೆಯಿಂದ ಗಡಿಪಾರು ಮಾಡುತ್ತಾರಲ್ಲ, ಅಂಥವನಿಗೆ ಹೊರಗೆ ಹೋಗುವುದು ಕಷ್ಟವಲ್ಲ, ಒಳಗೆ ಬರುವುದು ಅಪರಾಧ. ತಾಯಿಗೆ ಹುಷಾರಿಲ್ಲ, ಮನೆ ಇರುವುದು ಗಡಿಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಒಂದು ಸಣ್ಣಕತೆಗೆ ಇಷ್ಟು ಸಾಕು.

ಕೊನೆಗೆ, ನಿಮ್ಮ ಗಡಿಗೆ ಆಯುಸ್ಸು ಎಷ್ಟು ಅಂತ ನೋಡಿಕೊಳ್ಳಿ. ನಿಜಾಮರ ಗಡಿ 1948ರ ಸೆಪ್ಟೆಂಬರ್ 17ಕ್ಕೆ ಅರ್ಥ ಕಳೆದುಕೊಂಡಿತು. ಗೋವಾದ್ದು 1961ರ ಡಿಸೆಂಬರಿನಲ್ಲಿ, ಬರ್ಲಿನ್ನಿನದು 1989ರ ನವೆಂಬರ್ 9ಕ್ಕೆ. ನಿಮ್ಮ ಮಾಸ್ತರು ಆಗಸ್ಟಿನಲ್ಲಿ ಜೀವ ಪಣಕ್ಕಿಟ್ಟು ದಾಟಿದ ಹೊಳೆಯನ್ನು ಅಕ್ಟೋಬರಿನಲ್ಲಿ ಯಾರು ಬೇಕಾದರೂ ಹಾಡುಹಗಲೇ ದಾಟುತ್ತಾರೆ. ಅವರು ಶಾಲೆಗೆ ವಾಪಸ್ ಹೋಗುತ್ತಾರಾ? ಹೋದರೆ, ಅವರ ಹೆಸರು ಬರೆದುಕೊಟ್ಟವನು ಅದೇ ಓಣಿಯಲ್ಲಿ ಇರುತ್ತಾನೆ. ನಾಕಾದ ಸಿಪಾಯಿಗೆ ಈಗ ನೌಕರಿ ಇದೆಯಾ? ಅಂಬಿಗನ ಹತ್ತಿರ ಉಳಿದ ಹಾಲಿ ರೂಪಾಯಿಗಳನ್ನು ಯಾರು ಬದಲಾಯಿಸಿ ಕೊಡುತ್ತಾರೆ? ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಎರಡು ಪುಟ ಬರೆಯಿರಿ. ಅದು ಕತೆಯೊಳಗೆ ಉಳಿಯಬೇಕೋ ಬೇಡವೋ ಆಮೇಲೆ ನೋಡಿದರಾಯಿತು.